ಶಿವನಸಮುದ್ರ: ‘ಏಷ್ಯಾದಲ್ಲೇ ಮೊದಲು’ ಎಂಬುದು ಸರಿಯಲ್ಲ

ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದ್ದು ಏಷ್ಯಾದ ಮೊದಲ ಜಲವಿದ್ಯುತ್ ಕೇಂದ್ರ, ಅದನ್ನು ಕಟ್ಟಿಸಿದವರು ವಿಶ್ವೇಶ್ವರಯ್ಯ ಎಂಬ ಸಂದೇಶ ವಾಟ್ಸಾಪ್‌ನಲ್ಲಿ ಮತ್ತೆ ಮತ್ತೆ ಬರುತ್ತಿದೆ. ಎರಡೂ ತಪ್ಪು. ಜಪಾನಿನ ಕ್ಯೋಟೋದಲ್ಲಿ 1891ರಲ್ಲೇ ಜಲವಿದ್ಯುತ್ ಉತ್ಪಾದನೆ ಆರಂಭವಾಗಿತ್ತು. ನಮ್ಮ ದೇಶದಲ್ಲೂ ಡಾರ್ಜಿಲಿಂಗ್ ಬಳಿಯ ಸಿದ್ರಾಪೋಂಗ್ 1897ರಲ್ಲಿ ಶುರುವಾಯಿತು. ಶಿವನಸಮುದ್ರದ್ದು 1902.

ವಿಶ್ವೇಶ್ವರಯ್ಯನವರು ಮೈಸೂರು ಸಂಸ್ಥಾನದ ಮುಖ್ಯ ಎಂಜಿನಿಯರ್ ಆಗಿ ಬಂದದ್ದು 1909ರಲ್ಲಿ. ಕನ್ನಂಬಾಡಿ ಕಟ್ಟೆಯ ಕೀರ್ತಿಯೇ ಅವರಿಗೆ ಬೇಕಾದಷ್ಟಿದೆ. ಶಿವನಸಮುದ್ರ ಯೋಜನೆಯ ಹಿರಿಮೆ ದಿವಾನ್ ಶೇಷಾದ್ರಿ ಅಯ್ಯರ್ ಹಾಗೂ ಎಂಜಿನಿಯರ್ ಲೋಟ್ಬಿನಿಯರ್ ಅವರದು. ದೀಪ ಬೆಳಗುವುದನ್ನು ನೋಡಲು ಅಯ್ಯರ್ ಉಳಿಯಲಿಲ್ಲ, 1901ರಲ್ಲೇ ತೀರಿಕೊಂಡರು. ಅವರ ಹೆಸರನ್ನು ಅಳಿಸಿ ಇನ್ನೊಬ್ಬರ ಹೆಸರು ಬರೆಯುವುದು ನನಗೆ ನಿಜಕ್ಕೂ ನೋವಿನ ಸಂಗತಿ.

ಹೆಮ್ಮೆಗೆ ಬೇರೆಯೇ ಕಾರಣವಿದೆ. ಸಿದ್ರಾಪೋಂಗ್ ಊರಿನ ದೀಪಗಳಿಗಾಗಿ ಕಟ್ಟಿದ ಪುಟ್ಟ ಘಟಕ, ಅದರ ಸಾಮರ್ಥ್ಯ 130 ಕಿಲೋವಾಟ್. ಶಿವನಸಮುದ್ರದ ವಿದ್ಯುತ್ತಾದರೋ 90 ಮೈಲಿಗೂ ಹೆಚ್ಚು ದೂರ ತಂತಿಯಲ್ಲಿ ಸಾಗಿ ಕೋಲಾರದ ಚಿನ್ನದ ಗಣಿಗಳನ್ನು ನಡೆಸಿತು. ಆ ಕಾಲಕ್ಕೆ ಅದು ಜಗತ್ತಿನ ಅತಿ ಉದ್ದದ ವಿದ್ಯುತ್ ಮಾರ್ಗಗಳಲ್ಲಿ ಒಂದು. ಬೆಂಗಳೂರಿನ ಬೀದಿಗಳಿಗೆ ಇದೇ ವಿದ್ಯುತ್ತು ತಲುಪಿದ್ದು 1905ರಲ್ಲಿ.