ಎರಡನೆಯ ಬೀಗದ ಕೈ

ಕಳೆದ ತಿಂಗಳು ಒಂದೇ ವಾರದಲ್ಲಿ ನನಗೆ ಎರಡು ಸುದ್ದಿಗಳು ಬಂದವು. ಇಂಗ್ಲೆಂಡಿನ ಲೆಸ್ಟರ್‌ನಲ್ಲಿ ನಾನು ಬಾಡಿಗೆಗೆ ಕೊಟ್ಟಿರುವ ಚಿಕ್ಕ ಫ್ಲಾಟನ್ನು ನೋಡಿಕೊಳ್ಳುವ ಏಜೆನ್ಸಿ ಕಳಿಸಿದ ಮಾಸಿಕ ಲೆಕ್ಕದಲ್ಲಿ, ನಲ್ಲಿಗೆ ಹಾಕಿಸಿದ ವಾಷರಿನ ಬಿಲ್ಲು ಎರಡು ಫೋಟೋಗಳ ಸಮೇತ ಇತ್ತು. ಬೆಂಗಳೂರಿನ ಮನೆಯದು ಬೇರೆಯೇ ಕಥೆ: ಬಾಡಿಗೆದಾರರು ಖಾಲಿ ಮಾಡಿ ಆರು ವಾರವಾಗಿತ್ತು, ಬೀಗದ ಕೈ ಬ್ರೋಕರ್ ಮೇಜಿನ ಡ್ರಾಯರಿನಲ್ಲಿ ಬಿದ್ದಿತ್ತು. ಕೇಳಿದ್ದಕ್ಕೆ, "ಫೋನ್ ಮಾಡೋಣ ಅಂತಲೇ ಇದ್ದೆ ಸಾರ್" ಎಂದರು.

ಆ ಬ್ರೋಕರನ್ನು ನಾನು ಆರಿಸಿದ್ದಲ್ಲ. "ನಮ್ಮವರೇ, ಒಳ್ಳೆ ಮನುಷ್ಯ" ಎಂದು ಭಾವ ಹೇಳಿದರು, ನಾನು ಒಪ್ಪಿದೆ. ಆಡಿಟರ್ ಸಿಕ್ಕಿದ್ದೂ ಹಾಗೆಯೇ. ಮಾಲೀಕ ಅನಿವಾಸಿಯಾಗಿದ್ದರೆ ಬಾಡಿಗೆದಾರನೇ ತೆರಿಗೆ ಮುರಿದುಕೊಂಡು ಸರ್ಕಾರಕ್ಕೆ ಕಟ್ಟಬೇಕೆಂಬ ಸಂಗತಿಯನ್ನು ಆ ಇಬ್ಬರು ಒಳ್ಳೆಯ ಮನುಷ್ಯರಲ್ಲಿ ಒಬ್ಬರೂ ಮೂರು ವರ್ಷ ನನಗೆ ತಿಳಿಸಲಿಲ್ಲ.

ಇಲ್ಲಿ ಲೆಸ್ಟರ್‌ನಲ್ಲಿ ಏಜೆನ್ಸಿ ಹುಡುಕುವಾಗ ಯಾರ ಪರಿಚಯವೂ ನನಗಿರಲಿಲ್ಲವಾದ್ದರಿಂದ, ಮಾಲೀಕರ ಹಣಕ್ಕೆ ರಕ್ಷಣೆ ಕೊಡುವ ಯಾವ ಯೋಜನೆಯ ಸದಸ್ಯರು, ತಕರಾರು ಬಂದರೆ ಯಾವ ಸಂಸ್ಥೆಯ ತೀರ್ಮಾನಕ್ಕೆ ಬದ್ಧರು ಎಂದು ನೇರವಾಗಿ ಕೇಳಿದೆ. ಇವೆರಡೂ ಕಾನೂನಿನಂತೆ ಇರಲೇಬೇಕು. ಹಣದ ರಕ್ಷಣೆ 2019ರ ಏಪ್ರಿಲ್‌ನಿಂದ ಕಡ್ಡಾಯವಾಗಿದೆ. ಬಾಡಿಗೆದಾರನ ಠೇವಣಿಯೂ ಸಾಮಾನ್ಯವಾಗಿ ಐದು ವಾರದ ಬಾಡಿಗೆಯನ್ನು ಮೀರುವಂತಿಲ್ಲ, ಮತ್ತು ಅದನ್ನು 30 ದಿನದೊಳಗೆ ಮಾನ್ಯತೆ ಪಡೆದ ಯೋಜನೆಯಲ್ಲಿ ಇಡಬೇಕು. ಬೆಂಗಳೂರಿನಲ್ಲಿ ಹತ್ತು ತಿಂಗಳ ಅಡ್ವಾನ್ಸ್ ಪಡೆದು ಅದನ್ನು ಕಾರಿನ ಸಾಲಕ್ಕೆ ಕಟ್ಟಿದವನು ನಾನೇ ಆದ್ದರಿಂದ ಈ ವಿಷಯದಲ್ಲಿ ಹೆಚ್ಚು ಮಾತಾಡಲಾರೆ.

ವ್ಯತ್ಯಾಸ ಮನುಷ್ಯರ ಗುಣದಲ್ಲಿದೆ ಎಂದು ಬಹುಕಾಲ ನಂಬಿದ್ದೆ. ಈಗ ನೋಡಿದರೆ ಅದು ದುಡ್ಡು ಕೈಗೆ ಬರುವ ದಿನದಲ್ಲಿದೆ. ನಮ್ಮ ಬ್ರೋಕರ್‌ಗೆ ಒಂದು ತಿಂಗಳ ಬಾಡಿಗೆ ಕೈಸೇರಿದ ದಿನವೇ ಕೆಲಸ ಮುಗಿಯುತ್ತದೆ. ಆಮೇಲೆ ಮನೆ ಸೋರಿದರೂ ಖಾಲಿ ಬಿದ್ದರೂ ಅವರಿಗೆ ನಷ್ಟವಿಲ್ಲ. ಇಲ್ಲಿನ ಏಜೆನ್ಸಿ ತಿಂಗಳು ತಿಂಗಳೂ ಬಾಡಿಗೆಯಲ್ಲಿ ಪಾಲು ಮುರಿದುಕೊಳ್ಳುವುದರಿಂದ, ಮನೆ ಖಾಲಿಯಾದ ದಿನ ಅವರ ಹೊಟ್ಟೆಗೂ ಪೆಟ್ಟು ಬೀಳುತ್ತದೆ. ಭಾರತದಲ್ಲಿ ಸ್ಥಿರಾಸ್ತಿ ವ್ಯವಹಾರವನ್ನು ನಿಯಂತ್ರಿಸುವ ರೇರಾ ಕಾಯ್ದೆಯಡಿ ಏಜೆಂಟರ ನೋಂದಣಿ ಇದೆ, ನಿಜ. ಆದರೆ ಅದು ಮಾರಾಟ, ಖರೀದಿಗೆ ಸಂಬಂಧಿಸಿದ್ದು. ಬಾಡಿಗೆ ಮನೆ ತೋರಿಸುವವರ ಹೊಣೆಯನ್ನು ಆ ಕಾಯ್ದೆಯಡಿ ಕೇಳುವವರಿಲ್ಲ.

ಇಷ್ಟು ಬರೆದ ಮೇಲೆ ಒಪ್ಪಿಕೊಳ್ಳಬೇಕಾದ ಮಾತೊಂದಿದೆ. ಇಂಗ್ಲೆಂಡಿನಲ್ಲಿಯೂ ಬಾಡಿಗೆ ಏಜೆಂಟನಾಗಲು ಪರೀಕ್ಷೆಯಾಗಲಿ ಲೈಸೆನ್ಸಾಗಲಿ ಬೇಕಿಲ್ಲ. ನನ್ನ ಏಜೆನ್ಸಿ ಕಳಿಸುವ ಪ್ಲಂಬರ್ ತೆಗೆದುಕೊಳ್ಳುವ ದುಡ್ಡಿನಲ್ಲಿ ಅವರ ಪಾಲೆಷ್ಟೆಂದು ನಾನು ಕೇಳಿಲ್ಲ. ಕೇಳಲು ಧೈರ್ಯವೂ ಇಲ್ಲ. ಒಂದು ಶನಿವಾರ ರಾತ್ರಿ ಫ್ಲಾಟಿನ ಬಾಯ್ಲರ್ ಕೆಟ್ಟಾಗ ಅವರು ಫೋನ್ ಎತ್ತಿದ್ದು ಸೋಮವಾರ. ಬೆಂಗಳೂರಿನಲ್ಲಿ ಖಾಲಿ ಮನೆಯ ಓವರ್‌ಹೆಡ್ ಟ್ಯಾಂಕ್ ತುಂಬಿ ಹರಿಯುತ್ತಿದ್ದದ್ದನ್ನು ನಡುರಾತ್ರಿ ಕಂಡು, ಟಾರ್ಚ್ ಹಿಡಿದು ಮಹಡಿ ಹತ್ತಿ ವಾಲ್ವ್ ತಿರುಗಿಸಿದವರು ಪಕ್ಕದ ಮನೆಯ ನಿವೃತ್ತ ಮೇಷ್ಟ್ರು. ಮನೆಯೂ ಆರು ವಾರದಿಂದ ಖಾಲಿ ಇದೆಯೆಂದು ನನಗೆ ತಿಳಿಸಿದವರು ಅವರೇ.

ಈಗ ಬೆಂಗಳೂರಿನ ಮನೆಗೆ ತಿಂಗಳ ಶುಲ್ಕದ ಮೇಲೆ ನೋಡಿಕೊಳ್ಳುವವರನ್ನು ಗೊತ್ತುಮಾಡಿದ್ದೇನೆ. ಎಲ್ಲ ವ್ಯವಹಾರಕ್ಕೂ ಅಧಿಕಾರ ಕೊಡುವ ಜಿಪಿಎ ಕೊಟ್ಟಿಲ್ಲ, ಬಾಡಿಗೆ ಕರಾರಿಗೆ ಸಹಿ ಮತ್ತು ರಿಪೇರಿ, ಇವೆರಡಕ್ಕಷ್ಟೇ ಅಧಿಕಾರಪತ್ರ. ಎರಡನೆಯ ಬೀಗದ ಕೈ ಮಾತ್ರ ಮೇಷ್ಟ್ರ ಮನೆಯಲ್ಲಿದೆ.