ಕೊನೆಯ ಬಸ್ಸು

ಕೊಡಗಿನಲ್ಲಿ ಯಾರ ಮನೆಗೆ ಹೋದರೂ, ಜಗಲಿಯಲ್ಲಿ ಕುಳಿತು ಕಾಫಿಯ ಲೋಟ ಕೈಗೆ ಬರುವಷ್ಟರಲ್ಲಿ ಒಂದು ಪ್ರಶ್ನೆ ಬಂದೇ ಬರುತ್ತದೆ: "ಗಾಡಿ ತಂದಿದ್ದೀರಲ್ಲ?" ತಂದಿದ್ದೇವೆ ಎಂದರೆ ಮಾತು ಮಳೆ, ಕಾಳುಮೆಣಸು, ಆನೆ ಎಂದು ತನ್ನ ಪಾಡಿಗೆ ಸಾಗುತ್ತದೆ. ಇಲ್ಲ, ಬಸ್ಸಿನಲ್ಲಿ ಬಂದೆವು ಎಂದರೆ ಮಾತ್ರ ಮನೆಯವರ ಮುಖದಲ್ಲಿ ಸಣ್ಣದೊಂದು ಗಾಬರಿ ಕಾಣಿಸುತ್ತದೆ. ಗೋಡೆಯ ಗಡಿಯಾರ ನೋಡುತ್ತಾರೆ. ಒಳಗಿದ್ದವರನ್ನು ಕರೆದು ಕೊನೆಯ ಬಸ್ಸು ಐದೂಕಾಲಕ್ಕೋ ಐದೂವರೆಗೋ ಎಂದು ವಿಚಾರಿಸುತ್ತಾರೆ. ಒಲೆಯ ಮೇಲಿನ ಪಾತ್ರೆಗೆ ಅವಸರ ಹತ್ತುತ್ತದೆ. ಅಲ್ಲಿಂದ ಮುಂದೆ ಎಷ್ಟು ಹೊತ್ತು ಕೂರಬೇಕು, ಯಾವ ಮಾತನ್ನು ಅರ್ಧಕ್ಕೆ ನಿಲ್ಲಿಸಬೇಕು ಎಂಬುದನ್ನೆಲ್ಲ ತೀರ್ಮಾನಿಸುವುದು, ಎಲ್ಲೋ ಒಂದು ತಿರುವಿನಾಚೆ ಇನ್ನೂ ಹೊರಡದೆ ನಿಂತಿರುವ ಆ ಬಸ್ಸು.

ರೈಲ್ವೆಯ ನಕಾಶೆಯಲ್ಲಿ ಕೊಡಗು ಒಂದು ಖಾಲಿ ಜಾಗ. ಜಿಲ್ಲೆಯಲ್ಲಿ ಒಂದೇ ಒಂದು ರೈಲು ನಿಲ್ದಾಣವಿಲ್ಲ. ರೈಲು ಹತ್ತಬೇಕಾದವರು ಮೈಸೂರಿಗೋ, ಘಟ್ಟ ಇಳಿದು ಮಂಗಳೂರಿಗೋ, ಗಡಿ ದಾಟಿ ಕಣ್ಣೂರು ತಲಶ್ಶೇರಿಗಳಿಗೋ ಹೋಗಬೇಕು. ಕುಶಾಲನಗರಕ್ಕೆ ರೈಲು ಬರುತ್ತದೆಂಬ ಮಾತು ಆಗಾಗ ಬಂದು ಹೋಗುತ್ತದೆ; ಬರುವುದು ಮಾತು ಮಾತ್ರ. ಇನ್ನು ನೆಲದ ಸ್ವಭಾವವೋ, ಅದು ಬಸ್ಸಿಗೂ ಅಷ್ಟಾಗಿ ಒಲಿಯುವಂಥದಲ್ಲ. 2011ರ ಜನಗಣತಿಯ ಪ್ರಕಾರ 4,102 ಚದರ ಕಿಲೋಮೀಟರಿನಲ್ಲಿ ಇರುವವರು 5,54,519 ಜನ. ಅವರೂ ಬಯಲುಸೀಮೆಯ ಹಳ್ಳಿಗಳಂತೆ ಒಂದೆಡೆ ಒತ್ತಾಗಿ ಕೂಡಿ ವಾಸಿಸುವವರಲ್ಲ. ಕುಲದ ಮೂಲಮನೆಯಾದ ಐನ್‌ಮನೆ ಒಂದು ಗುಡ್ಡದ ಮೇಲಿದ್ದರೆ ದಾಯಾದಿಯ ಮನೆ ಗದ್ದೆಯ ಆಚೆ, ಕಾರ್ಮಿಕರ ಲೈನ್ ಮನೆಗಳು ತೋಟದ ನಡುವೆ, ಅಂಗಡಿ ಇನ್ನೆಲ್ಲೋ ರಸ್ತೆ ಕೂಡುವಲ್ಲಿ. ಇಂಥ ನಾಡಿನಲ್ಲಿ ಸ್ವಂತ ಗಾಡಿಯೇ ಗತಿ, ಬಸ್ಸು ಹೆಚ್ಚಿಸಿ ಎನ್ನುವುದು ಊರು ತಿಳಿಯದವರ ಮಾತು ಎಂದು ಹೇಳುವವರಿದ್ದಾರೆ. ನನಗೆ ಅದು ಒಪ್ಪಿಗೆಯಿಲ್ಲ. ನಮ್ಮ ಜನ ದೂರಕ್ಕೆ ಹೆದರಿ ಕಾರು ಕೊಂಡವರಲ್ಲ, ಹೊತ್ತಿಗೆ ಹೆದರಿ ಕೊಂಡವರು. ಹಗಲು ಹನ್ನೊಂದು ಗಂಟೆಗೆ ಎಂಥ ಮೂಲೆಯಿಂದಲೂ ಹೇಗೋ ಪೇಟೆ ಸೇರಬಹುದು. ಸಂಜೆ ಏಳರ ನಂತರ ಪೇಟೆಯಿಂದ ಮನೆ ಸೇರುವುದು ಹೇಗೆ ಎಂಬ ಒಂದೇ ಪ್ರಶ್ನೆ ಎಷ್ಟೋ ಮನೆಗಳ ಶೆಡ್ಡಿನಲ್ಲಿ ಕಾರು ತಂದು ನಿಲ್ಲಿಸಿದೆ.

ಕೊಡವರ ಮದುವೆಯ ಸಂಜೆಯನ್ನು ಕಂಡವರಿಗೆ ಈ ಮಾತು ಬೇಗ ಅರ್ಥವಾಗುತ್ತದೆ. ಗಂಗಾಪೂಜೆ ಮುಗಿಸಿದ ಮದುಮಗಳು ತಲೆಯ ಮೇಲೆ ನೀರಿನ ಬಿಂದಿಗೆ ಹೊತ್ತು ಹಿಂತಿರುಗುವಾಗ, ಗಂಡಿನ ಕಡೆಯವರು ವಾಲಗಕ್ಕೆ ಕುಣಿಯುತ್ತ ಅವಳ ದಾರಿಗೆ ಅಡ್ಡ ನಿಲ್ಲುತ್ತಾರೆ. ನಾಲ್ಕು ಹೆಜ್ಜೆಯ ದಾರಿಗೆ ಗಂಟೆಗಟ್ಟಲೆ ಹಿಡಿಯುತ್ತದೆ. ಕುಣಿಯುವವರು ದಣಿಯಬೇಕು, ಇಲ್ಲವೇ ಹಿರಿಯರು ಗದರಬೇಕು. ಮದುವೆಯ ನಿಜವಾದ ಸೊಗಸು ಇರುವುದೇ ಅಲ್ಲಿ. ಆದರೆ ಬಸ್ಸು ನಂಬಿ ಬಂದ ಬಂಧುಗಳ ಪಾಲಿಗೆ ಆ ಸೊಗಸು ಇಲ್ಲ. ಅವರು ಮುಹೂರ್ತ ನೋಡಿ, ಪಂದಿಕರಿ ಉಂಡು, ಉಡುಗೊರೆಯ ಲಕೋಟೆ ಕೊಟ್ಟು, ವಾಲಗದ ಸದ್ದು ಕಾವೇರುವ ಹೊತ್ತಿಗೆ ಕೈಚೀಲ ಹಿಡಿದು ಗೇಟಿನ ಬಳಿ ನಿಂತಿರುತ್ತಾರೆ. ಯಾರದಾದರೂ ಕಾರಿನಲ್ಲಿ ಜಾಗ ಸಿಗಬಹುದೇ ಎಂದು ಅಕ್ಕಪಕ್ಕ ನೋಡುವ ಆ ನೋಟದಲ್ಲಿ ಇರುವ ಸಂಕೋಚವನ್ನು, ಗಾಡಿ ಇರುವವರು ಸಾಮಾನ್ಯವಾಗಿ ಗಮನಿಸುವುದಿಲ್ಲ. ಮುಂದಿನ ಮದುವೆಯ ಹಂಗಾಮು ಬರುವುದರೊಳಗೆ ಅವರೂ ಒಂದು ಹಳೆಯ ಮಾರುತಿಯನ್ನು ಸೆಕೆಂಡ್ ಹ್ಯಾಂಡಿನಲ್ಲಿ ಹುಡುಕುತ್ತಾರೆ. ಕಾಫಿಗೆ ಬೆಲೆ ಬಂದ ವರ್ಷ ಹೊಸದನ್ನೇ ತರುತ್ತಾರೆ.

ಮದುವೆ ತಪ್ಪಿದರೆ ತಪ್ಪಿತು, ಬದುಕು ನಿಲ್ಲುವುದಿಲ್ಲ ಎನ್ನಬಹುದು. ಸಿದ್ದಾಪುರ, ಅಮ್ಮತ್ತಿ ಸುತ್ತಿನ ತೋಟಗಳಿಗೆ ಹೋದರೆ ಬಸ್ಸಿನ ವೇಳೆಗೆ ಬೇರೆಯೇ ತೂಕವಿದೆ ಎಂದು ತಿಳಿಯುತ್ತದೆ. ಅಲ್ಲಿ ಮುಂಜಾನೆ ಮತ್ತು ಮುಸ್ಸಂಜೆ ಆನೆಗಳು ತೋಟದಿಂದ ತೋಟಕ್ಕೆ ರಸ್ತೆ ದಾಟುವ ಹೊತ್ತು. ಶಾಲೆಯ ಮಕ್ಕಳು ಮೊದಲ ಬಸ್ಸಿಗೆಂದು ಮಬ್ಬಿನಲ್ಲಿ ನಡೆದು ಬರುವುದೂ, ಕೆಲಸ ಮುಗಿಸಿದ ಹೆಂಗಸರು ಕೊನೆಯ ಬಸ್ಸಿನಿಂದ ಇಳಿದು ಲೈನ್ ಮನೆಯತ್ತ ನಡೆಯುವುದೂ ಅದೇ ಹೊತ್ತಿಗೆ. ಮುಖ್ಯರಸ್ತೆಯಲ್ಲಿ ಇಳಿದು ಎರಡು ಮೈಲಿ ನಡೆಯುವುದಕ್ಕೂ ತೋಟದ ಗೇಟಿನವರೆಗೆ ಸಣ್ಣ ಬಸ್ಸು ಬರುವುದಕ್ಕೂ ಇರುವ ವ್ಯತ್ಯಾಸವನ್ನು ಅಲ್ಲಿ ಯಾರೂ ಸೌಕರ್ಯದ ಮಾತೆಂದು ತಿಳಿಯುವುದಿಲ್ಲ. ಕೊಯ್ಲಿನ ದಿನಗಳಲ್ಲಿ ಆ ರಸ್ತೆಗಳಲ್ಲಿ ಜನರನ್ನು ನಿಲ್ಲಿಸಿಕೊಂಡು ಓಡುವ ಪಿಕಪ್ ಮತ್ತು ಜೀಪುಗಳನ್ನು ನೋಡಿದರೆ, ಬಸ್ಸಿಗೆ ಜನರಿಲ್ಲ ಎಂಬ ವಾದ ನಂಬಲು ಕಷ್ಟ. ಜನರಿದ್ದಾರೆ, ಅವರು ಹಿಂದಿನ ಡಾಲಾದಲ್ಲಿ ಸರಳು ಹಿಡಿದು ನಿಂತಿದ್ದಾರೆ.

ಬಸ್ಸು ಕಡಿಮೆ ಇರುವುದರಿಂದ ಜನ ಕಾರು ಕೊಳ್ಳುತ್ತಾರೆ, ಜನ ಕಾರು ಕೊಂಡದ್ದರಿಂದ ಬಸ್ಸಿಗೆ ಜನ ಕಡಿಮೆಯಾಗುತ್ತಾರೆ, ಜನ ಕಡಿಮೆಯಾದರೆಂದು ಇನ್ನೊಂದು ಟ್ರಿಪ್ ಕತ್ತರಿಸುತ್ತಾರೆ. ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು. ಇದೇ ಸುತ್ತು ತಿರುಗುಮುರುಗಾಗಿಯೂ ಓಡಬಲ್ಲದು ಎಂಬುದನ್ನು ಹರ್ಬರ್ಟ್ ಮೋರಿಂಗ್ ಎಂಬ ಅರ್ಥಶಾಸ್ತ್ರಜ್ಞರು 1972ರಲ್ಲಿ ಲೆಕ್ಕಹಾಕಿ ತೋರಿಸಿದರು. ಎರಡು ಗಂಟೆಗೊಂದು ಬಸ್ಸಿರುವ ದಾರಿಯಲ್ಲಿ ವೇಳೆ ನೋಡದೆ ಬಂದು ನಿಂತವರು ಸರಾಸರಿ ಒಂದು ಗಂಟೆ ಕಾಯಬೇಕು. ಅರ್ಧ ಗಂಟೆಗೊಂದಾದರೆ ಕಾಯುವುದು ಹದಿನೈದು ನಿಮಿಷ. ಅಂದರೆ ಹೊಸದಾಗಿ ಬಂದ ಪ್ರಯಾಣಿಕರಿಗಾಗಿ ಬಸ್ಸು ಹೆಚ್ಚಿಸಿದಾಗ, ಮೊದಲಿನಿಂದ ಬರುತ್ತಿದ್ದವರ ಕಾಯುವಿಕೆಯೂ ಇಳಿಯುತ್ತದೆ, ಅದನ್ನು ಕಂಡು ಇನ್ನಷ್ಟು ಜನ ಬರುತ್ತಾರೆ. ಕಾರಿನ ವಿಷಯ ಇದಕ್ಕೆ ತದ್ವಿರುದ್ಧ. ರಸ್ತೆಗಿಳಿಯುವ ಪ್ರತಿ ಹೊಸ ಕಾರೂ ಮೊದಲಿದ್ದ ಕಾರುಗಳ ವೇಗವನ್ನು ಇಷ್ಟಿಷ್ಟೇ ಕಸಿದುಕೊಳ್ಳುತ್ತದೆ.

ಇದಕ್ಕೆ ಸಾಕ್ಷಿ ಬೇಕಾದವರು ಶನಿವಾರ ಬೆಳಿಗ್ಗೆ ಮಡಿಕೇರಿಗೆ ಬರಬೇಕು. ಬೆಂಗಳೂರಿನಿಂದ ಬೆಳಗಿನ ಜಾವ ಹೊರಟ ಕಾರುಗಳೆಲ್ಲ ಹೆಚ್ಚುಕಡಿಮೆ ಒಂದೇ ಹೊತ್ತಿಗೆ ರಾಜಾಸೀಟಿನ ರಸ್ತೆಗೂ ಅಬ್ಬಿ ಜಲಪಾತದ ರಸ್ತೆಗೂ ನುಗ್ಗುತ್ತವೆ. ರಾಜರ ಕಾಲದ ಊರು, ರಾಜರ ಕಾಲದ ಏರಿಳಿತ. ಎರಡು ಕಾರು ಎದುರುಬದುರಾದರೆ ಒಂದು ಚರಂಡಿಯ ಅಂಚಿಗೆ ಸರಿಯಬೇಕು. ಐವತ್ತು ಜನ ಇಬ್ಬಿಬ್ಬರು ಮೂವರಂತೆ ಇಪ್ಪತ್ತು ಕಾರುಗಳಲ್ಲಿ ಬಂದರೆ ಅವು ಬಾಲಕ್ಕೆ ಮೂತಿ ತಾಗಿಸಿ ನಿಂತರೂ ಎಂಬತ್ತು ಮೀಟರ್ ರಸ್ತೆ ಬೇಕು. ಅದೇ ಐವತ್ತು ಜನರನ್ನು ಕೂರಿಸಿಕೊಂಡ ಬಸ್ಸಿನ ಉದ್ದ ಹನ್ನೆರಡು ಮೀಟರ್. ಹಾಗಾದರೆ ರಸ್ತೆ ಅಗಲ ಮಾಡಿ ಎಂಬ ಕೂಗು ಬೇಸಿಗೆಯಲ್ಲಿ ಏಳುತ್ತದೆ, ಮಳೆಗಾಲದಲ್ಲಿ ಸುಮ್ಮನಾಗುತ್ತದೆ. ಏಕೆಂದರೆ ಬೆಟ್ಟದ ನಾಡಿನಲ್ಲಿ ರಸ್ತೆ ಅಗಲ ಮಾಡುವುದೆಂದರೆ ಒಂದು ಬದಿಯಲ್ಲಿ ಗುಡ್ಡದ ಕಾಲು ಕಡಿಯಬೇಕು, ಇನ್ನೊಂದು ಬದಿಯಲ್ಲಿ ಇಳಿಜಾರಿನ ಮೇಲೆ ಮಣ್ಣು ತುಂಬಬೇಕು. 2018ರ ಆಗಸ್ಟಿನಲ್ಲಿ ಮಡಿಕೇರಿಯಿಂದ ಸಂಪಾಜೆಗೆ ಇಳಿಯುವ ಹೆದ್ದಾರಿ ಜೋಡುಪಾಲದ ಸುತ್ತಮುತ್ತ ಗುಡ್ಡ ಕುಸಿದು ಏನಾಯಿತೆಂಬುದನ್ನು ಇಲ್ಲಿ ಯಾರಿಗೂ ಹೇಳಬೇಕಾಗಿಲ್ಲ. ಇರುವ ಅಗಲದಲ್ಲೇ ಹೆಚ್ಚು ಜನರನ್ನು ಸಾಗಿಸಲು ಬಸ್ಸಿಗಿಂತ ಬೇರೆ ಉಪಾಯ ನನಗಂತೂ ತೋಚುವುದಿಲ್ಲ. ಬಂಡೀಪುರದ ಹೆದ್ದಾರಿಯಲ್ಲಿ 2009ರಿಂದ ರಾತ್ರಿ ಒಂಬತ್ತರಿಂದ ಬೆಳಿಗ್ಗೆ ಆರರವರೆಗೆ ಸಂಚಾರ ನಿಷೇಧವಿದ್ದರೂ ಬೆರಳೆಣಿಕೆಯ ಸರಕಾರಿ ಬಸ್ಸುಗಳನ್ನು ಬಿಡುತ್ತಾರೆ. ಕಾಡೂ ಕಾರಿಗೆ ಬಾಗಿಲು ಹಾಕಿ ಬಸ್ಸಿಗೆ ದಾರಿ ಬಿಟ್ಟಿದೆ ಎಂದಾಯಿತು. ನಾಡಿನ ಪೇಟೆಗೆ ಅಷ್ಟು ಉದಾರತೆ ಇನ್ನೂ ಬಂದಿಲ್ಲ.

ಕೊಡಗನ್ನು ಭಾರತದ ಸ್ಕಾಟ್ಲೆಂಡ್ ಎಂದು ಕರೆಯುವುದು ಪ್ರವಾಸಿ ಫಲಕಗಳ ರೂಢಿ. ನಮಗೂ ಆ ಹೆಸರಿನ ಮೇಲೆ ಒಳಗೊಳಗೇ ಮೋಹವಿದೆ. ಆ ಸ್ಕಾಟ್ಲೆಂಡಿನಲ್ಲಿ 60 ದಾಟಿದವರಿಗೆ 2006ರಿಂದಲೂ, 22 ತುಂಬದವರಿಗೆ 2022ರಿಂದಲೂ ನಾಡಿನ ಉದ್ದಗಲಕ್ಕೆ ಬಸ್ ಪ್ರಯಾಣ ಉಚಿತ. ಮಂಜು, ಮಳೆ, ಹಸಿರು ಗುಡ್ಡಗಳ ಜೊತೆಗೆ ಇದನ್ನೂ ಆಮದು ಮಾಡಿಕೊಂಡಿದ್ದರೆ ಹೋಲಿಕೆ ಪೂರ್ತಿಯಾಗುತ್ತಿತ್ತು. ನಮ್ಮಲ್ಲಿ 2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆಯಿಂದ ರಾಜ್ಯದ ಹೆಣ್ಣುಮಕ್ಕಳಿಗೆ ಸರಕಾರಿ ಸಾಮಾನ್ಯ ಬಸ್ಸಿನಲ್ಲಿ ಟಿಕೆಟ್ಟಿಗೆ ಹಣ ಕೊಡಬೇಕಾಗಿಲ್ಲ. ಒಳ್ಳೆಯ ಯೋಜನೆ. ಆದರೆ ಕೊಡಗಿನ ಒಳದಾರಿಗಳಲ್ಲಿ ಓಡುವ ಬಸ್ಸುಗಳಲ್ಲಿ ಬಹಳಷ್ಟು ಖಾಸಗಿಯವು. ಕೆಂಪು ಬಸ್ಸು ಕಾಣದ ಊರಿನ ಹೆಂಗಸಿಗೆ ಉಚಿತ ಪ್ರಯಾಣ ಎಂಬುದು ಪತ್ರಿಕೆಯಲ್ಲಿ ಓದುವ ಸಂಗತಿ. ಟಿಕೆಟ್ ಅಗ್ಗವಾಗುವುದಕ್ಕಿಂತ ಮೊದಲು ಬಸ್ಸು ಬರಬೇಕು.

ಖಾಸಗಿ ಬಸ್ಸನ್ನು ಹಳಿಯಲು ನನಗೆ ಮನಸ್ಸಿಲ್ಲ. ಈ ನಾಡನ್ನು ಇಷ್ಟು ಕಾಲ ಹೊತ್ತು ತಿರುಗಿದ್ದು ಮುಖ್ಯವಾಗಿ ಅದೇ. ನಾಪೋಕ್ಲು ಕಡೆಗೆ ಹೋಗುವ ಒಂದು ಬಸ್ಸಿನ ಕಂಡಕ್ಟರನ್ನು ಗಮನಿಸುವುದು ನನಗೊಂದು ಮನರಂಜನೆ. ಪೇಪರಿನ ಕಟ್ಟು, ಔಷಧಿಯ ಪೊಟ್ಟಣ, ರಿಪೇರಿಯಾದ ಮಿಕ್ಸಿ, ಯಾರದೋ ಮಗಳಿಗೆ ಹೊಲಿದ ರವಿಕೆ, ಎಲ್ಲವೂ ಚಾಲಕನ ಹಿಂದಿನ ಮೂಲೆಯಲ್ಲಿ ಒಂದರ ಮೇಲೊಂದು ಕೂತಿರುತ್ತವೆ. ಯಾವುದಕ್ಕೂ ಚೀಟಿಯಿಲ್ಲ, ಯಾವ ಗೇಟಿಗೆ ಯಾವುದು ಎಂಬುದು ಅವನ ತಲೆಯಲ್ಲಿದೆ. ತಿರುವು ಬಂದಾಗ ಬಾಗಿಲಿನಿಂದಲೇ ಅರ್ಧ ಹೊರಗೆ ಬಾಗಿ, ಕಾದು ನಿಂತ ಹುಡುಗನ ಕೈಗೆ ಪೊಟ್ಟಣ ಕೊಟ್ಟು, "ದಿನಕ್ಕೆ ಎರಡು ಸಲ, ಊಟ ಆದ ಮೇಲೆ ಅಂತ ಅಜ್ಜಿಗೆ ಹೇಳು" ಎಂದು ವೈದ್ಯರ ಮಾತನ್ನೂ ದಾಟಿಸಿ, ಸೀಟಿ ಊದುತ್ತಾನೆ. ಒಳಗೆ ಕೊಡವ ತಕ್ಕ್, ಅರೆಭಾಷೆ, ಮಲಯಾಳ, ಕನ್ನಡ ಎಲ್ಲದರಲ್ಲೂ ಅವನಿಗೆ ಚಿಲ್ಲರೆ ಕೇಳಲು ಬರುತ್ತದೆ. ಒಬ್ಬೊಬ್ಬರೇ ಒಂದೊಂದು ಕಾರಿನ ಗಾಜು ಏರಿಸಿಕೊಂಡು ಹೋಗುವ ನಾಡಿನಲ್ಲಿ ಈ ಕೆಲಸಗಳನ್ನೆಲ್ಲ ಯಾರು ಮಾಡಬೇಕು?

ತೊಡಕು ಬಸ್ಸು ಯಾರದು ಎಂಬುದರಲ್ಲಿ ಇಲ್ಲ, ಒಂದು ಬಸ್ಸಿಗೆ ಇನ್ನೊಂದರ ಪರಿವೆ ಇಲ್ಲದಿರುವುದರಲ್ಲಿ ಇದೆ. ಮಡಿಕೇರಿಯಲ್ಲಿ ಸರಕಾರಿ ನಿಲ್ದಾಣ ಒಂದೆಡೆ, ಖಾಸಗಿ ನಿಲ್ದಾಣ ಇನ್ನೊಂದೆಡೆ. ಮೈಸೂರಿನಿಂದ ಬಂದ ಕೆಂಪು ಬಸ್ಸು ಅಂಗಳಕ್ಕೆ ತಿರುಗುವಾಗಲೇ ಭಾಗಮಂಡಲದ ಬಸ್ಸು ಆ ನಿಲ್ದಾಣದಿಂದ ಹೊರಟಿತೆಂದು ಯಾರೋ ಹೇಳುತ್ತಾರೆ. ಎರಡೂ ತಮ್ಮ ತಮ್ಮ ವೇಳೆಗೆ ಸರಿಯಾಗಿಯೇ ಇವೆ. ಪೆಟ್ಟಿಗೆ ಹಿಡಿದು ಏರು ಹತ್ತುತ್ತಿರುವ ಪ್ರಯಾಣಿಕ ಮಾತ್ರ ಯಾರ ವೇಳಾಪಟ್ಟಿಯಲ್ಲೂ ಇಲ್ಲ. ಸ್ವಿಟ್ಜರ್ಲೆಂಡಿನಲ್ಲಿ 1906ರಿಂದ ಓಡುತ್ತಿರುವ ಅಂಚೆಯ ಹಳದಿ ಬಸ್ಸುಗಳು ನಮ್ಮಂಥದೇ ತಿರುವುಗಳನ್ನು ಹತ್ತಿ, ನಮ್ಮಂಥದೇ ಚದುರಿದ ಮನೆಗಳನ್ನು ತಲುಪುತ್ತವೆ. ಅವುಗಳ ಗುಟ್ಟು ದೊಡ್ಡ ಯಂತ್ರದಲ್ಲಿಲ್ಲ: ಕಣಿವೆಯ ನಿಲ್ದಾಣಕ್ಕೆ ರೈಲು ಬರುವ ಹೊತ್ತಿಗೆ ಬಸ್ಸು ಅಲ್ಲಿ ಕಾದಿರುತ್ತದೆ, ಅಷ್ಟೆ. ನಮಗೆ ರೈಲಿಲ್ಲದಿದ್ದರೆ ಬೇಡ, ಮೈಸೂರು ಬಸ್ಸನ್ನೇ ರೈಲೆಂದು ತಿಳಿದು ಉಳಿದವನ್ನು ಹೊಂದಿಸಬಹುದು. ಇದಕ್ಕೆ ಬೇಕಾದದ್ದು ಒಂದು ಮೇಜು, ಎರಡು ವೇಳಾಪಟ್ಟಿ, ಒಟ್ಟಿಗೆ ಕೂರುವ ಮನಸ್ಸು.

ನಷ್ಟ ಯಾರು ತುಂಬಬೇಕು ಎಂಬ ಪ್ರಶ್ನೆಯನ್ನು ತಳ್ಳಿಹಾಕುವಂತಿಲ್ಲ. ರಾತ್ರಿ ಎಂಟರ ಬಸ್ಸಿನಲ್ಲಿ ಮೊದಮೊದಲು ಏಳೆಂಟು ಜನರಷ್ಟೇ ಇದ್ದಾರು. ಆದರೆ ಪ್ರತಿ ಮಳೆಗಾಲದ ನಂತರ ರಸ್ತೆಯ ಗುಂಡಿ ಮುಚ್ಚಲು ಹಣ ಹಾಕುವಾಗ, ಈ ರಸ್ತೆ ಲಾಭದಲ್ಲಿದೆಯೇ ಎಂದು ಯಾರೂ ಕೇಳುವುದಿಲ್ಲ. ಎರಡನೆಯ ಕಾರಿನ ಸಾಲದ ಕಂತು, ವಿಮೆ, ಪೆಟ್ರೋಲು ಮನೆಮನೆಯ ನಷ್ಟದ ಲೆಕ್ಕಕ್ಕೆ ಸೇರುತ್ತದೆಯೇ ಹೊರತು ಯಾವ ಇಲಾಖೆಯ ಪುಸ್ತಕದಲ್ಲೂ ಬರುವುದಿಲ್ಲ. ಇನ್ನು, ಮಕ್ಕಳು ಬೆಂಗಳೂರು ಸೇರಿದ ಮೇಲೆ ತೋಟದ ಮನೆಯಲ್ಲಿ ಉಳಿದ ಹಿರಿಯರಿದ್ದಾರೆ. ಕಣ್ಣಿಗೆ ಪೊರೆ ಬಂದರೂ ಸ್ಟಿಯರಿಂಗ್ ಬಿಡಲಾಗದೆ, ಮಂಜಿನಲ್ಲಿ ಎದುರು ಗಾಡಿಯ ದೀಪವನ್ನು ಅಂದಾಜಿನಲ್ಲೇ ತಪ್ಪಿಸಿಕೊಂಡು, ಬಿಪಿ ಮಾತ್ರೆ ತರಲು ವಿರಾಜಪೇಟೆಗೆ ಕಾರು ಓಡಿಸುವವರು ಅವರು. ಅವರಿಂದ ಕೀಲಿಕೈ ಕಸಿದುಕೊಳ್ಳಲು ಮಕ್ಕಳಿಗೆ ಧೈರ್ಯವಿಲ್ಲ, ಕಸಿದುಕೊಂಡರೆ ಬದಲಿಗೆ ಕೊಡಲು ಏನೂ ಇಲ್ಲ.

ಎಲ್ಲ ದಾರಿಗೂ ಒಮ್ಮೆಲೇ ಬಸ್ಸು ಸುರಿಯಿರಿ ಎಂದು ನಾನು ಹೇಳುತ್ತಿಲ್ಲ. ಮಡಿಕೇರಿ, ವಿರಾಜಪೇಟೆ, ಗೋಣಿಕೊಪ್ಪ, ಕುಶಾಲನಗರ, ಸೋಮವಾರಪೇಟೆಗಳನ್ನು ಕೂಡಿಸುವ ದಾರಿಗಳಲ್ಲಿ ರಾತ್ರಿ ಒಂಬತ್ತರವರೆಗೆ ನಂಬಿಕೆಗೆ ತಕ್ಕ ಬಸ್ಸು ಓಡಲಿ. ಒಳದಾರಿಗಳಿಗೆ ಅವುಗಳ ವೇಳೆಗೆ ಹೊಂದುವ ಸಣ್ಣ ಬಸ್ಸುಗಳಿರಲಿ. ವಾರಾಂತ್ಯಕ್ಕೆ ಪ್ರವಾಸಿಗಳ ಕಾರು ಊರ ಹೊರಗೇ ನಿಂತು, ಒಳಗೆ ಬಸ್ಸು ಸುತ್ತಲಿ. ತುಲಾ ಸಂಕ್ರಮಣದಂದು ತಲಕಾವೇರಿಗೆ ಜನರನ್ನು ಸಾಗಿಸಲು ವಿಶೇಷ ಬಸ್ಸುಗಳನ್ನು ಬಿಟ್ಟು ಅಭ್ಯಾಸವಿರುವ ಜಿಲ್ಲೆಗೆ ಇದೇನೂ ಅರಿಯದ ವಿದ್ಯೆಯಲ್ಲ. ಒಂದು ಎಚ್ಚರಿಕೆ ಮಾತ್ರ ಬೇಕು. ಹೊಸ ಬಸ್ಸನ್ನು ಜೂನಿನಲ್ಲಿ ಆರಂಭಿಸಿ, ಜಡಿಮಳೆಯ ಮೂರು ತಿಂಗಳು ಖಾಲಿ ಓಡಿಸಿ, ಸೆಪ್ಟೆಂಬರಿನಲ್ಲಿ ಬೇಡಿಕೆಯಿಲ್ಲ ಎಂದು ಷರಾ ಬರೆದು ನಿಲ್ಲಿಸುವುದು ಸುಲಭ. ನಾಳೆಯೂ ಬರುತ್ತದೆಂಬ ಭರವಸೆಯಿಲ್ಲದ ಬಸ್ಸನ್ನು ನಂಬಿ ಯಾರೂ ಕಾರು ಮಾರುವುದಿಲ್ಲ. ಕಡೇಪಕ್ಷ ಎರಡು ಕಾಫಿ ಕೊಯ್ಲು ಮುಗಿಯುವವರೆಗೆ, ಹತ್ತು ಜನ ಬಂದರೂ ಇಬ್ಬರೇ ಬಂದರೂ, ಅದೇ ವೇಳೆಗೆ ಅದೇ ಬಸ್ಸು ಹೊರಡಬೇಕು. ಎಣಿಕೆಯ ಪುಸ್ತಕವನ್ನು ಆಮೇಲೆ ತೆರೆಯಬಹುದು.