ಫಿರಂಗಿ ದಳದಿಂದ ಎಣ್ಣೆ ಬಾವಿಗೆ

ಮಿಲಿಟರಿಯವರ ಕೈಗೆ ಕಂಪನಿ ಕೊಟ್ಟರೆ ಎಲ್ಲಾ ಸರಿ ಹೋಗುತ್ತೆ ಅಂತ ವಾದ ಮಾಡುವವರು ನಮ್ಮಲ್ಲಿ ಜಾಸ್ತಿ. ನನಗೇನೋ ಅದರಲ್ಲಿ ಅಷ್ಟು ನಂಬಿಕೆ ಇಲ್ಲ. ಫಿಲಿಪ್ ಸೌತ್‌ವೆಲ್ ಕಥೆ ಓದಿದ ಮೇಲಂತೂ ಇನ್ನೂ ಇಲ್ಲ.

ಈತ ಮೊದಲ ಮಹಾಯುದ್ಧದಲ್ಲಿ ಬ್ರಿಟಿಷ್ ಫಿರಂಗಿ ದಳದ ಅಧಿಕಾರಿ. ಮಿಲಿಟರಿ ಕ್ರಾಸ್ ಪದಕ ಪಡೆದವನು. ಆಮೇಲೆ ತೈಲ ಎಂಜಿನಿಯರ್ ಆದ. 1946ರಿಂದ 1959ರವರೆಗೆ ಕುವೈತ್ ಆಯಿಲ್ ಕಂಪನಿ ನಡೆಸಿ, ಸರ್ ಪದವಿಯನ್ನೂ ಪಡೆದ.

ಆದರೆ ನನಗೆ ಇಷ್ಟವಾಗುವುದು 1942ರ ಸೌತ್‌ವೆಲ್. ಆಗ ಜರ್ಮನ್ ಸಬ್‌ಮರೀನ್‌ಗಳು ಟ್ಯಾಂಕರ್ ಹಡಗುಗಳನ್ನು ಮುಳುಗಿಸುತ್ತಿದ್ದವು. ಬ್ರಿಟನ್ನಿನ ಎಣ್ಣೆ ದಾಸ್ತಾನು ಕರಗುತ್ತಿತ್ತು. ರಾಬಿನ್ ಹುಡ್‌ನ ಶೆರ್ವುಡ್ ಕಾಡಿನ ಸೀಮೆಯಲ್ಲಿ, ಈಕ್ರಿಂಗ್ ಅನ್ನುವ ಹಳ್ಳಿಯ ಹತ್ತಿರ, 1939ರಲ್ಲೇ ಎಣ್ಣೆ ಸಿಕ್ಕಿತ್ತು. ತೊಂದರೆ ಇದ್ದದ್ದು ಕೊರೆಯುವ ವೇಗದಲ್ಲಿ. ಒಂದೊಂದು ಬಾವಿಗೂ ವಾರಗಟ್ಟಲೆ ಹಿಡಿಯುತ್ತಿತ್ತು.

ಇದ್ದವರನ್ನೇ ಗದರಿಸಿ ದುಡಿಸಬಹುದಿತ್ತು, ಅಲ್ವಾ? ಈತ ಅಮೆರಿಕಕ್ಕೆ ಹೋದ. ಒಕ್ಲಹೋಮಾದ ಡ್ರಿಲ್ಲಿಂಗ್ ಗುತ್ತಿಗೆದಾರ ಲಾಯ್ಡ್ ನೋಬಲ್‌ನನ್ನು ಸಹಾಯ ಕೇಳಿದ. ನೋಬಲ್ ಮೊದಲು ಒಲ್ಲೆ ಅಂದ. ಪಟ್ಟು ಬಿಡದೆ ಕೇಳಿದ ಮೇಲೆ, ಲಾಭವೇ ಬೇಡ ಅಂತ ಒಪ್ಪಿಕೊಂಡ.

1943ರ ಮಾರ್ಚ್‌ನಲ್ಲಿ 40ಕ್ಕೂ ಹೆಚ್ಚು ಕೊರೆಯುವ ಕೆಲಸಗಾರರು ಗುಟ್ಟಾಗಿ ಬಂದಿಳಿದರು. ಬಿಡಾರ ಎಲ್ಲಿ ಗೊತ್ತಾ? ಕೆಲಮ್ ಹಾಲ್‌ನ ಕ್ರೈಸ್ತ ಮಠದಲ್ಲಿ, ಸನ್ಯಾಸಿಗಳ ಜೊತೆ! ಯಾವುದೋ ಕೌಬಾಯ್ ಸಿನಿಮಾ ಶೂಟಿಂಗ್‌ಗೆ ಬಂದಿದ್ದಾರೆ ಅಂತ ಊರಲ್ಲೆಲ್ಲ ಗುಲ್ಲು. ಯುದ್ಧಕಾಲದ ರೇಷನ್ ಆ ಆಳುಗಳ ಹೊಟ್ಟೆಗೆ ಸಾಲಲಿಲ್ಲ. ಕೊನೆಗೆ ಅಮೆರಿಕನ್ ಸೈನ್ಯದ ಊಟ ತರಿಸಬೇಕಾಯಿತು. ಒಂದು ವರ್ಷದಲ್ಲಿ 106 ಬಾವಿ ಕೊರೆದರು. 94ರಲ್ಲಿ ಎಣ್ಣೆ ಬಂತು. ಒಬ್ಬ ಕೆಲಸಗಾರ ಡೆರಿಕ್ (ಬಾವಿ ಕೊರೆಯುವ ಕಬ್ಬಿಣದ ಗೋಪುರ) ಮೇಲಿಂದ ಬಿದ್ದು ಸತ್ತ. ಅವನನ್ನು ಕೇಂಬ್ರಿಡ್ಜ್ ಹತ್ತಿರ ಅಮೆರಿಕನ್ ಸೈನಿಕರ ಸ್ಮಶಾನದಲ್ಲೇ ಮಣ್ಣು ಮಾಡಿದರು.

ಇದರಲ್ಲಿ ಫಿರಂಗಿ ದಳದ ಹುಕುಂ ಎಲ್ಲಿದೆ ಹೇಳಿ? ಇಲ್ಲಿ ಗೆದ್ದದ್ದು "ನಮ್ಮ ಕೈಲಿ ಆಗುತ್ತಿಲ್ಲ, ನೀವು ಬನ್ನಿ" ಅಂತ ಹೋಗಿ ಕೇಳಿದ್ದು.

ದಂಡಿನ ಕ್ರಮ ನೋಡಬೇಕಾದರೆ ಕುವೈತ್‌ನ ಅಹ್ಮದಿಗೆ ಬನ್ನಿ. ಈತನ ಕಾಲದಲ್ಲಿ ಬೆಳೆದ ಕಂಪನಿ ಊರು ಅದು. ಉತ್ತರಕ್ಕೆ ಬ್ರಿಟಿಷ್, ಅಮೆರಿಕನ್ ಸಾಹೇಬರ ತೋಟದ ಮನೆಗಳು. ಮಧ್ಯದಲ್ಲಿ ಭಾರತ, ಪಾಕಿಸ್ತಾನದ ಗುಮಾಸ್ತರು. ಅರಬ್ ಕೂಲಿಯವರಿಗೆ ಬೇರೆಯೇ ಕೇರಿ. ಎಣ್ಣೆ ಯಾರ ನೆಲದ್ದೋ ಅವರೇ ಕೊನೆಯ ಸಾಲಿಗೆ! ನಕ್ಷೆ ಹಾಕಿದವನು ಜೇಮ್ಸ್ ವಿಲ್ಸನ್, ಹಿಂದೆ ವಾಸ್ತುಶಿಲ್ಪಿ ಲುಟ್ಯೆನ್ಸ್ ಕೈಕೆಳಗೆ ನಮ್ಮ ಹೊಸ ದೆಹಲಿಯ ಕೆಲಸ ಮಾಡಿದ್ದವನು. ಅದಕ್ಕೆ ಸೌತ್‌ವೆಲ್ ಒಬ್ಬನನ್ನೇ ದೂರುವುದು ತಪ್ಪು. ಆದರೆ 13 ವರ್ಷ ಆ ಕಂಪನಿಯ ಚುಕ್ಕಾಣಿ ಹಿಡಿದಿದ್ದು ಇದೇ ಮನುಷ್ಯ ತಾನೇ?